ಮಗು ಎನ್‌ಐಸಿಯು (ಹಸುಗೂಸುಗಳ ಐಸಿಯು) ಸೇರಿ 31 ದಿನ ಆಯ್ತು, ನಾನು ದಿನಾ ಹೋಗಿ ನೋಡ್ಕೊಂಡು ಬರೋದಷ್ಟೇನಾ?

ಹಾಸನದ_ಸೊಸೆ
ಎಲ್ಲರಿಗೂ ನಮಸ್ಕಾರ. ಇಲ್ಲಿ ಓದೋದು ಮಾತ್ರ ಮಾಡ್ತಿದ್ದೆ, ಬರೀತಿರೋದು ಇದೇ ಮೊದಲು, ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ನನ್ನ ಮಗಳು 28 ವಾರಕ್ಕೇ ಹುಟ್ಟಿದ್ಲು. ಬಿಪಿ ಒಂದೇ ಸಲ ಏರಿ ಹಾಸನದಿಂದ ರಾತ್ರೋರಾತ್ರಿ ಬೆಂಗಳೂರಿಗೆ ಆಂಬುಲೆನ್ಸಲ್ಲಿ ಕರ್ಕೊಂಡು ಬಂದ್ರು, ಮಾರನೇ ದಿನ ಸಿಸೇರಿಯನ್. ಹುಟ್ಟಿದಾಗ 1040 ಗ್ರಾಂ. ಐದು ದಿನ ವೆಂಟಿಲೇಟರ್, ಆಮೇಲೆ ಸಿಪ್ಯಾಪ್, ಈಗ ಹೈ ಫ್ಲೋ, ಎರಡೂ ಮೂಗಿನಿಂದ ಗಾಳಿ ಕೊಟ್ಟು ಉಸಿರಿಗೆ ಆಸರೆ ಆಗೋವು. ನಿನ್ನೆ ತೂಕ 1385. ಎರಡು ಗಂಟೆಗೊಂದ್ಸಲ 18 ಎಂಎಲ್ ಹಾಲು ಟ್ಯೂಬಲ್ಲಿ ಹೋಗುತ್ತೆ. ಡಾಕ್ಟ್ರು ಚೆನ್ನಾಗೇ ಇದ್ದಾಳೆ ಅಂತಾರೆ, ಅದರಲ್ಲಿ ನನಗೇನೂ ದೂರಿಲ್ಲ.

ಯಜಮಾನ್ರದ್ದು ಊರಲ್ಲಿ ಅಂಗಡಿ, ಶನಿವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಹೋಗ್ತಾರೆ. ನಾನು ಅಮ್ಮ ಇಬ್ರೂ ಆಸ್ಪತ್ರೆ ಹತ್ರ ಒಂದು ರೂಮ್ ಮಾಡ್ಕೊಂಡಿದೀವಿ. ಒಳಗೆ ಬಿಡೋದು ಬೆಳಿಗ್ಗೆ 11ರಿಂದ 12, ಸಾಯಂಕಾಲ 5ರಿಂದ 6. ಕಾಂಗರೂ ಕೇರ್ ಅಂತ ಎದೆ ಮೇಲೆ ಮಲಗಿಸ್ಕೊಳ್ಳೋದು ಸಂಜೆ ಮಾತ್ರ, ಅದೂ ಸ್ಟಾಫ್ ಕಮ್ಮಿ ಇದ್ರೆ "ನಾಳೆ ನೋಡೋಣ ಅಮ್ಮ" ಅಂತಾರೆ. ಉಳಿದ ಹೊತ್ತು ಹಾಲು ಹಿಂಡಿ ಡಬ್ಬಿಗೆ ಹೆಸರು ಟೈಮು ಬರೆದು ಬಾಗಿಲಲ್ಲಿ ಕೊಟ್ಟು ಬರೋದೇ ನನ್ನ ಕೆಲಸ.

ಮೊನ್ನೆ ಒಬ್ಬ ಸಿಸ್ಟರ್ ಪ್ರೀತಿಯಿಂದಲೇ ಹೇಳಿದ್ರು, "ನಿಮ್ಮ ಮಗಳಿಗೆ ಎಡಗಡೆ ಮಲಗಿಸಿದ್ರೆ ಆಗಲ್ಲ ನೋಡಿ, ಮುಖ ಕಿವುಚ್ತಾಳೆ" ಅಂತ. ನನಗೆ ಅದು ಗೊತ್ತೇ ಇರಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತೆ.

ಕೇಳಬೇಕಾಗಿರೋದು ಇಷ್ಟೇ. ಇನ್ನೂ ಜಾಸ್ತಿ ಹೊತ್ತು ಎತ್ಕೊಳ್ಳೋಕೆ ಬಿಡಿ ಅಂತ ಕೇಳಬಹುದಾ? ಕೇಳಿದ್ರೆ ಅವರಿಗೆ ಸಿಟ್ಟು ಬಂದು ಮಗು ಮೇಲೆ ತೋರಿಸಿಬಿಟ್ರೆ ಅಂತ ಭಯ. ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಅದೇ ನಿಜ.

ತುಂಗಾತೀರ
ಕೇಳಿ. ನಾಳೇನೇ ಕೇಳಿ.

ಜಯನಗರ_4ನೇ_ಬ್ಲಾಕ್
ಸ್ವಲ್ಪ ತಾಳ್ಮೆ ಇರಲಿ ಮೇಡಂ. ನಮ್ಮ ಮಗನೂ 31 ವಾರದವನು, 40 ದಿನ ಒಳಗಿದ್ದ. ಅಲ್ಲಿ ಇಪ್ಪತ್ತು ಮಕ್ಕಳಿರ್ತವೆ, ಎಲ್ಲರ ಅಪ್ಪ ಅಮ್ಮ ಅಜ್ಜಿ ದಿನಪೂರ್ತಿ ಬಂದು ಕೂತ್ರೆ ಇನ್‌ಫೆಕ್ಷನ್ ಬರದೇ ಇರುತ್ತಾ? ಡಾಕ್ಟ್ರಿಗೆ ಅವರ ಕೆಲಸ ಮಾಡೋಕೆ ಬಿಡಬೇಕು. ನಾವು ಗಾಜಿನ ಆಚೆಯಿಂದಲೇ ನೋಡ್ತಿದ್ವಿ, ನಮ್ಮವನಿಗೇನೂ ಕಮ್ಮಿ ಆಗಿಲ್ಲ, ಈಗ ಒಂದನೇ ಕ್ಲಾಸು.

ತುಂಗಾತೀರ
ಅವರು ಅಜ್ಜಿ ತಾತನ್ನ ಬಿಡಿ ಅಂತ ಎಲ್ಲಿ ಕೇಳಿದ್ರು ಸರ್? ಅಮ್ಮನ್ನ ಬಿಡಿ ಅಂತಿದಾರೆ.

ಬಿಳಿಜೋಳ
ನಾನು ಕೊಪ್ಪಳ ಕಡೆ ಸರ್ಕಾರಿ ಆಸ್ಪತ್ರ್ಯಾಗ ಎಸ್‌ಎನ್‌ಸಿಯು (ಆರಾಮಿಲ್ಲದ ಹಸುಗೂಸುಗಳ ವಾರ್ಡು) ಸ್ಟಾಫ್ ನರ್ಸ್ ಅದೀನ್ರಿ, ಹನ್ನೊಂದು ವರ್ಷ ಆತು. ಮೊದಲ ನಿನ್ನ ಅಂಜಿಕಿಗೆ ಉತ್ತರ ಹೇಳ್ತೀನಿ ತಂಗಿ. ನೀ ಕೇಳಿದ್ರ ಯಾರೂ ನಿನ್ನ ಕೂಸಿನ ಮ್ಯಾಲೆ ಸಿಟ್ಟು ತೀರ್ಸ್ಕೊಳ್ಳಂಗಿಲ್ಲ. ನಮಗ ಸಿಟ್ಟು ಬರ್ತದ, ಸುಳ್ಳ್ಯಾಕ ಹೇಳ್ಲಿ, ರಾತ್ರಿ ಡ್ಯೂಟಿಯೊಳಗ ಹನ್ನೆರಡು ಕೂಸು ಇಬ್ಬರ ಕೈಯಾಗ ಇದ್ದಾಗ ಯಾರರ ಬಂದು ಪ್ರಶ್ನಿ ಕೇಳಿದ್ರ ಮಾರಿ ಗಂಟು ಆಗ್ತದ. ಆದ್ರ ಅದು ಕೂಸಿನ ತನಕ ಹೋಗೂದಿಲ್ಲ. ಆ ಕೂಸುಗೋಳಿಗೆ ನಾವ ಹೆಸರು ಇಟ್ಕೊಂಡಿರ್ತೀವಿ.

ಕಾಂಗರೂ ಅಂದ್ರ ಒಂದು ತಾಸಿನ ಆಟ ಅಲ್ಲ. ನಮ್ಮ ಜಿಲ್ಲಾದಾಗ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥಾದವರು ಬಂದು ಇದನ್ನ ಜಿಲ್ಲಾ ಪೂರ್ತಿ ಹೆಂಗ ಮಾಡೂದು ಅಂತ ಕೆಲಸ ಮಾಡಿದ್ರು, ಜಿಲ್ಲಾ ಆಸ್ಪತ್ರಿಯಿಂದ ಹಿಡಿದು ಮನಿ ತನಕ. ಮೊದಲ ನಾವೂ "ಇದೇನು ಹೊಸಾ ಕಿರಿಕಿರಿ" ಅಂತ ಗೊಣಗಿದ್ವಿ. ಆಮ್ಯಾಲೆ ಗೊತ್ತಾತು, ತಾಯಿ ಎದಿ ಮ್ಯಾಲಿದ್ದ ಕೂಸಿಗೆ ಮೈ ತಣ್ಣಗಾಗೂದಿಲ್ಲ, ಗಡಿಬಿಡಿಯಿಲ್ಲದ ಉಸಿರಾಡ್ತದ, ನಮಗ ಕೆಲಸ ಕಡಿಮಿ ಆಗ್ತದ. ಹೌದು, ಕಡಿಮಿ.

ಹಿಂಗ ಕೇಳು: "ಸಿಸ್ಟರ್, ದಿನಕ್ಕ ಎಷ್ಟು ತಾಸು ಮಾಡಬಹುದು, ಚಾರ್ಟಿನ್ಯಾಗ ಬರೀತೀರೇನು?" ಚಾರ್ಟಿನ್ಯಾಗ ಬರದಿಡೂವಂಥ ಪ್ರಶ್ನಿ ಕೇಳಿದ್ರ ಉತ್ತರ ಬರ್ತದ. ಡಾಕ್ಟರ್ ರೌಂಡ್ಸ್ ಹೊತ್ತಿನ್ಯಾಗ ಕೇಳು, ಶಿಫ್ಟ್ ಬದಲಾಗೂ ಹೊತ್ತಿಗೆ ಮಾತ್ರ ಬ್ಯಾಡ.

ಜಯನಗರ_4ನೇ_ಬ್ಲಾಕ್
ಸಿಸ್ಟರ್, ನಿಮ್ಮ ಅನುಭವಕ್ಕೆ ಮರ್ಯಾದೆ ಕೊಡ್ತೀನಿ. ಆದ್ರೆ ಹೈ ಫ್ಲೋನಲ್ಲಿರೋ ಮಗೂನ ಟ್ಯೂಬ್ ಸಮೇತ ಎತ್ತಿ ಎದೆ ಮೇಲೆ ಹಾಕೋದು ರಿಸ್ಕ್ ಅಲ್ವಾ? ಮಗೂನ ಬೆಚ್ಚಗಿಡೋ ಪೆಟ್ಟಿಗೆ, ಇನ್‌ಕ್ಯುಬೇಟರ್, ಇರೋದು ಯಾಕೆ ಹಾಗಾದ್ರೆ?

ಅಂಕಿಸಂಖ್ಯೆ
ಇನ್‌ಕ್ಯುಬೇಟರ್ ಸಾಲದೇ ಇದ್ದಿದ್ದಕ್ಕೇ ಈ ಪದ್ಧತಿ ಹುಟ್ಟಿದ್ದು ಸರ್. 1978ರಲ್ಲಿ, ಕೊಲಂಬಿಯಾದ ಬೊಗೊಟಾದಲ್ಲಿ, ಎಡ್ಗರ್ ರೇ ಅನ್ನೋ ಡಾಕ್ಟ್ರು ಶುರು ಮಾಡಿದ್ರು. ಒಂದೇ ಪೆಟ್ಟಿಗೇಲಿ ಎರಡು ಮೂರು ಮಕ್ಕಳನ್ನ ಮಲಗಿಸೋ ಪರಿಸ್ಥಿತಿ ಇತ್ತು, ಇನ್‌ಫೆಕ್ಷನ್ ಹರಡ್ತಿತ್ತು, ಅದಕ್ಕೆ ಅಮ್ಮಂದಿರ ಎದೆಗೇ ಕಟ್ಟಿಬಿಟ್ರು.

ರಿಸ್ಕ್ ವಿಷಯಕ್ಕೆ ಬಂದ್ರೆ, 2021ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ, ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. ಒಂದು ಕೆಜಿಯಿಂದ 1.8 ಕೆಜಿ ಒಳಗಿನ ಮಕ್ಕಳು. ಸ್ಟೇಬಲ್ ಆಗ್ಲಿ ಅಂತ ಕಾಯದೆ ಹುಟ್ಟಿದ ತಕ್ಷಣ ಎದೆಗೆ ಹಾಕಿದ ಗುಂಪಲ್ಲಿ 28 ದಿನದೊಳಗೆ ತೀರಿಕೊಂಡವರು 12%, ಮೊದಲು ಪೆಟ್ಟಿಗೆ ಆಮೇಲೆ ಎದೆ ಅಂದ ಗುಂಪಲ್ಲಿ 15.7%. ನೀವು ಹೇಳೋ ಇನ್‌ಫೆಕ್ಷನ್ ಅನುಮಾನ ಕೂಡ ಮೊದಲನೇ ಗುಂಪಲ್ಲೇ ಕಮ್ಮಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಅಂತ ಹೇಳಿದೆ. ಎಂಟು ಗಂಟೆ ಕನಿಷ್ಠ, ಗಮನಿಸಿ. ಇವರಿಗೆ ಸಿಗ್ತಿರೋದು ಒಂದು.

ಕಾಫಿಗಿಡ
ಅಷ್ಟೆಲ್ಲಾ ನಂಬರ್ ಅವರಿಗ್ಯಾಕೆ ಈಗ, ಪಾಪ ನಿದ್ದೆಗೆಟ್ಟಿದಾರೆ.

ಅಂಕಿಸಂಖ್ಯೆ
ನಂಬರ್ ಜಯನಗರದವರಿಗೆ ಬರೆದಿದ್ದು.

ಕಡಲತಡಿಯವ
ನಮ್ಮದು ಅವಳಿ ಮಾರಾಯ್ರೆ, 30 ವಾರ, 52 ದಿನ ಮಂಗಳೂರಲ್ಲಿ. ನಾನು ಅಪ್ಪ. ಹೆಂಡತಿಗೆ ಒಬ್ಬನನ್ನು ಕೊಟ್ರೆ ಇನ್ನೊಬ್ಬ ಪೆಟ್ಟಿಗೆಯಲ್ಲಿ ಉಳೀತಾನಲ್ಲ, ಆಗ ಒಬ್ಬರು ಡಾಕ್ಟ್ರು ನನ್ನ ಕಡೆ ತಿರುಗಿ "ನೀವು ಶರ್ಟ್ ತೆಗೀರಿ" ಅಂದ್ರು. ನಾನು ತಮಾಷೆ ಅಂದ್ಕೊಂಡೆ. ನನ್ನ ಎದೆ ಮೇಲೆ ಕೂದಲು ಬೇರೆ ಉಂಟು, ಮಗುವಿಗೆ ಚುಚ್ಚುದಿಲ್ವಾ ಅಂತ ಕೇಳಿದೆ, ಇಡೀ ಎನ್‌ಐಸಿಯು ನಕ್ಕಿತು.

ಆಮೇಲೆ ಕೂತದ್ದು ಎರಡು ಗಂಟೆ. ಅಲ್ಲಾಡ್ಲಿಕ್ಕೆ ಹೆದರಿಕೆ, ಮೂಗು ತುರಿಸಿದ್ರೂ ತುರಿಸಿಕೊಳ್ಳಲಿಲ್ಲ. ಅವನ ತಲೆ ನನ್ನ ಗಂಟಲ ಗುಳಿಯ ಕೆಳಗೆ, ಒಂದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು ಅಷ್ಟೇ ಅನಿಸ್ತಿತ್ತು. ಬೆನ್ನ ಮೇಲೆ ಸಣ್ಣ ಸಣ್ಣ ರೋಮ, ಮುಟ್ಟಿದ್ರೆ ಪೀಚ್ ಹಣ್ಣಿನ ಹಾಗೆ. ಮಾನಿಟರಲ್ಲಿ 89, 90 ಅಂತ ಆಡ್ತಿದ್ದ ಆಕ್ಸಿಜನ್ 95ಕ್ಕೆ ಹೋಗಿ ಅಲ್ಲೇ ಕೂತಿತು. ನಾನು ಮಗುವನ್ನು ನೋಡ್ಲೇ ಇಲ್ಲ, ಆ ನಂಬರನ್ನೇ ನೋಡ್ತಾ ಇದ್ದೆ. ಸಿಸ್ಟರ್ ಬಂದು ಮಾನಿಟರನ್ನೇ ಆಚೆ ತಿರುಗಿಸಿಬಿಟ್ರು.

ಹಾಗಾಗಿ ತಂಗಿ, ನಿಮ್ಮ ಯಜಮಾನರು ಶನಿವಾರ ಬಂದಾಗ ಅವರನ್ನೂ ಕೂರಿಸಿ. ಅಂಗಡಿಯ ಚಿಂತೆ ಅರ್ಧ ಇಳಿಯುತ್ತದೆ.

ಕಾಫಿಗಿಡ
ನಮ್ಮ ಪಾಪುಗೆ ಉಸಿರು ಮರೆತುಹೋಗ್ತಿತ್ತು, ಅಪ್ನಿಯಾ ಅಂತಾರಲ್ಲ, ಪಾದಕ್ಕೆ ಒಂದು ತಟ್ಟಿದ್ರೆ ಮತ್ತೆ ಶುರು. ಅದಕ್ಕೆ ದಿನಾ ಕೆಫೀನ್ ಕೊಡ್ತಿದ್ರು. ನಮ್ಮ ಮಾವ ಮೂಡಿಗೆರೆ ಪ್ಲಾಂಟರು, "ನನ್ನ ಮೊಮ್ಮಗ ಹುಟ್ಟಿದ ದಿನವೇ ಕಾಫಿ ಕುಡಿದವನು" ಅಂತ ಊರೆಲ್ಲಾ ಹೇಳ್ಕೊಂಡು ತಿರುಗಿದ್ರು 😄 ಆ 47 ದಿನದಲ್ಲಿ ನಾನು ನಕ್ಕಿದ್ದು ಅದೊಂದಕ್ಕೇ.

ಅಜ್ಜಿಮನೆ
ಧೈರ್ಯವಾಗಿರಮ್ಮ. ಏಳು ತಿಂಗಳ ಮಗು ಉಳಿಯುತ್ತೆ, ಎಂಟು ತಿಂಗಳದ್ದೇ ಕಷ್ಟ ಅಂತ ನಮ್ಮ ಹಿರಿಯರು ಹೇಳ್ತಿದ್ರು. ನಿಂದು ಏಳಕ್ಕೆ ಆಗಿದೆ, ಏನೂ ಆಗಲ್ಲ. ಮನೆಗೆ ಬಂದ ಮೇಲೆ ದಿನಾ ಒಳಲೇಲಿ ಸ್ವಲ್ಪ ಬಜೆ ತೇಯ್ದು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸು, ಮಾತು ಬೇಗ ಬರುತ್ತೆ. ಸಾಂಬ್ರಾಣಿ ಹೊಗೆ ಮರೀಬೇಡ.

ಅಂಕಿಸಂಖ್ಯೆ
ಅಯ್ಯೋ ಅಜ್ಜಿ ಬೇಡ ಬೇಡ. ಒಂದು ವರ್ಷದೊಳಗಿನ ಯಾವ ಮಗೂಗೂ ಜೇನುತುಪ್ಪ ಕೂಡದು, ಅದರಲ್ಲಿ ಬಾಟ್ಯುಲಿಸಂ ಅನ್ನೋ, ನರಗಳಿಗೆ ವಿಷ ಏರೋ ಕಾಯಿಲೆ ಬರಿಸೋ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಇಷ್ಟು ದಿನ ಆಕ್ಸಿಜನ್ ಮೇಲಿದ್ದ ಶ್ವಾಸಕೋಶಕ್ಕೆ ಸಾಂಬ್ರಾಣಿ ಹೊಗೆ ಅಂತೂ ಆಗಲೇ ಆಗದು. ಎಂಟು ತಿಂಗಳಿನ ಮಾತೂ ಸುಳ್ಳು, ಹೊಟ್ಟೆಯಲ್ಲಿ ಎಷ್ಟು ವಾರ ಜಾಸ್ತಿ ಇರುತ್ತೋ ಅಷ್ಟು ಒಳ್ಳೇದು. 34 ವಾರದ ಮಗೂಗಿಂತ 28 ವಾರದ್ದು ಗಟ್ಟಿ ಅನ್ನೋಕಾಗುತ್ತಾ?

ಅಜ್ಜಿಮನೆ
ನಾನು ನಾಲ್ಕು ಮಕ್ಕಳನ್ನ ಸಾಕಿದೀನಪ್ಪ, ನಿಮ್ಮ ಬ್ಯಾಕ್ಟೀರಿಯಾ ಆಗ ಎಲ್ಲಿತ್ತು.

ಬಿಳಿಜೋಳ
ಅಜ್ಜಿ, ಒಳಲಿ ಮಾತ್ರ ನೀವು ಸರಿ ಹೇಳಿದ್ರಿ ನೋಡ್ರಿ. ಕೂಸಿಗೆ ಚೀಪೂದು ನುಂಗೂದು ಉಸಿರಾಡೂದು ಮೂರೂ ಒಮ್ಮಿಗೇ ಹೊಂದಸ್ಕೊಳ್ಳಾಕ ಸುಮಾರು 34 ವಾರ ಆಗಬೇಕು. ಅದಕ್ಕಿಂತ ಮೊದಲ ಟ್ಯೂಬ್ ಬಿಡಿಸುವಾಗ ನಾವೂ ಒಳಲಿಯಾಗೇ ಹಾಲು ಹಾಕ್ತೀವಿ, ಪಾಲಡೈ ಅಂತೀವಿ, ಎರಡೂ ಒಂದ. ಬಾಟಲಿಗಿಂತ ಛಲೋ. ತಂಗಿ, ಇನ್ನ ಒಂದೆರಡು ವಾರದಾಗ ನಿನಗೂ ಕಲಸ್ತಾರ, "ನಾನ ಕುಡಸ್ತೀನಿ" ಅಂತ ಈಗಿಂದನ ಹೇಳಿಡು. ಬಜಿ, ಜೇನು ಬ್ಯಾಡವ್ವ.

ಅಡ್ಮಿನ್
ಔಷಧಿ, ಮನೆಮದ್ದು ಸಲಹೆ ಇಲ್ಲಿ ಬೇಡ ಅಂತ ನಿಯಮ ಇದೆ. ಅಜ್ಜಿಮನೆಯವರ ಪೋಸ್ಟ್ ಅಳಿಸ್ತಿಲ್ಲ, ಕೆಳಗಿನ ಉತ್ತರ ಓದಲಿ ಅಂತ ಬಿಟ್ಟಿದೀನಿ. ವಿಷಯಕ್ಕೆ ಬನ್ನಿ.

ಹಾಲುಗಲ್ಲ
ಹಾಲಿನ ಬಗ್ಗೆ ಯಾರೂ ಕೇಳಲಿಲ್ಲ, ಅದಕ್ಕೆ ನಾನು ಕೇಳ್ತೀನಿ. ಹಾಲು ಸಾಕಾಗ್ತಿದೆಯಾ ನಿಮಗೆ? ನನಗೆ ಮೊದಲ ಮೂರು ದಿನ ಸಿರಿಂಜಿನ ತುದಿ ಒದ್ದೆ ಆಗೋಷ್ಟು, ಅಷ್ಟೇ. ಪಕ್ಕದ ಬೆಡ್‌ನವರು ಡಬ್ಬಿ ತುಂಬಾ ತರೋದು ನೋಡಿ ಹೊಟ್ಟೆ ಉರಿದುಹೋಗ್ತಿತ್ತು, ಆಕೆ ಮುಖ ನೋಡೋದೂ ಬಿಟ್ಟಿದ್ದೆ. ಆಮೇಲೆ ಆಕೆನೇ ಬಂದು ಕೈಯಲ್ಲಿ ಹಿಂಡೋದು ಹೇಗೆ ಅಂತ ತೋರಿಸಿಕೊಟ್ಟಿದ್ದು. ದಿನಕ್ಕೆ ಎಂಟು ಸಲ, ರಾತ್ರಿ ಒಂದು ಸಲ ಎದ್ದು ಕೂಡ, ಅದನ್ನ ಬಿಟ್ರೆ ಇಳಿದುಹೋಗುತ್ತೆ. ಕಾಂಗರೂ ಮಾಡಿ ಎದ್ದ ತಕ್ಷಣ ಅಲ್ಲೇ ಮಗು ಪಕ್ಕದಲ್ಲೇ ಕೂತು ಹಿಂಡಿ, ವ್ಯತ್ಯಾಸ ನೀವೇ ನೋಡ್ತೀರ. ನನಗಂತೂ ರೂಮಲ್ಲಿ ಗೋಡೆ ನೋಡ್ಕೊಂಡು ಹಿಂಡಿದ್ರೆ 20 ಎಂಎಲ್, ಅಲ್ಲಿ 35.

ಕಮ್ಮಿ ಬಿದ್ರೆ ನಾಚಿಕೆ ಬೇಡ, ಹಾಲಿನ ಬ್ಯಾಂಕ್ ಇವೆ. ವಾಣಿವಿಲಾಸ ಆಸ್ಪತ್ರೇಲಿ 2022ರಲ್ಲಿ ಅಮೃತಧಾರೆ ಅಂತ ಶುರು ಮಾಡಿದ್ರು. ಬೇರೆ ತಾಯಂದಿರು ಕೊಟ್ಟ ಹಾಲನ್ನ ಪ್ಯಾಶ್ಚರೈಸ್ ಮಾಡಿ ಇಟ್ಟಿರ್ತಾರೆ.

ಹಾಸನದ_ಸೊಸೆ
ಎಲ್ಲರದ್ದೂ ಓದ್ತಾ ಇದೀನಿ, ಆಗಾಗ ಕಣ್ಣು ಒರೆಸ್ಕೊಂಡು. ಹಾಲು ಸದ್ಯಕ್ಕೆ ಸಾಕಾಗ್ತಿದೆ, ಅಮ್ಮ ಸಬ್ಬಸಿಗೆ ಸೊಪ್ಪು ಬೆಳ್ಳುಳ್ಳಿ ಅಂತ ಕರೆಂಟ್ ಒಲೆ ಮೇಲೆ ಅದೇನೇನೋ ಮಾಡಿಕೊಡ್ತಾರೆ. ಅತ್ತೆ ಮನೆಯಲ್ಲಿ ಹನ್ನೊಂದನೇ ದಿನದ ಶಾಸ್ತ್ರ ಆಗ್ಲಿಲ್ಲ, ಹೆಸರಿಡಲಿಲ್ಲ ಅಂತ ಬೇಸರ. ಪೆಟ್ಟಿಗೆ ಮೇಲಿನ ಚೀಟಿಯಲ್ಲಿ ಈಗಲೂ "ಬೇಬಿ ಆಫ್" ಅಂತ ಹಾಕಿ ನನ್ನ ಹೆಸರೇ ಇದೆ.

ತುಂಗಾತೀರ
ನೀವೇ ಕಿವಿಯಲ್ಲಿ ಕರೆಯೋಕೆ ಒಂದು ಹೆಸರು ಇಟ್ಕೊಳ್ಳಿ. ತೊಟ್ಟಿಲು ಶಾಸ್ತ್ರ ಆಮೇಲೆ ಮಾಡಿದ್ರಾಯ್ತು. ನಾವು ಐದು ತಿಂಗಳಿಗೆ ಮಾಡಿದ್ವಿ, ಯಾರೂ ಕೇಳ್ಲಿಲ್ಲ, ಊಟ ಮಾತ್ರ ಚೆನ್ನಾಗಿತ್ತು ಅಂದ್ರು.

ಮಂಡ್ಯದ_ಬೆಲ್ಲ
ಕಣ್ಣಿನ ಟೆಸ್ಟ್ ಆಯ್ತಾ ಅಕ್ಕಾ? ದಯವಿಟ್ಟು ಅದನ್ನ ಬಿಡಬೇಡಿ. ನಮ್ಮ ಚಿಕ್ಕಪ್ಪನ ಮೊಮ್ಮಗಳನ್ನ ಆಸ್ಪತ್ರೆಯಿಂದ ಕಳಿಸೋವಾಗ ಚೀಟಿಯಲ್ಲಿ ಬರೆದಿದ್ರಂತೆ, ಬಾಯಲ್ಲಿ ಯಾರೂ ಹೇಳ್ಲಿಲ್ಲ, ಇವರು ಓದ್ಲಿಲ್ಲ. ಆರು ತಿಂಗಳಿಗೆ ಮಗು ದೀಪದ ಕಡೆ ತಿರುಗ್ತಿಲ್ಲ ಅಂತ ಗೊತ್ತಾಯ್ತು. ಆರ್‌ಒಪಿ ಅಂತೆ, ಮುಂಚೆ ಹುಟ್ಟಿದ ಮಕ್ಕಳಿಗೆ ಕಣ್ಣಿನ ಪರದೆ ಕೆಡೋ ಕಾಯಿಲೆ, ಅಷ್ಟೊತ್ತಿಗೆ ತಡ ಆಗಿತ್ತು.

ಅಂಕಿಸಂಖ್ಯೆ
ಇದು ಬಹಳ ಮುಖ್ಯ. ನಮ್ಮಲ್ಲಿ 34 ವಾರಕ್ಕಿಂತ ಮೊದಲು ಅಥವಾ 2 ಕೆಜಿಗಿಂತ ಕಮ್ಮಿ ಹುಟ್ಟಿದವರಿಗೆಲ್ಲಾ ಕಣ್ಣಿನ ಪರದೆ ನೋಡಲೇಬೇಕು, ನಾಲ್ಕು ವಾರದೊಳಗೆ. ತೀರಾ ಸಣ್ಣವರಿಗೆ ಎರಡು ಮೂರು ವಾರಕ್ಕೇ. ಸಮಯಕ್ಕೆ ಸಿಕ್ಕಿದ್ರೆ ಲೇಸರ್‌ನಲ್ಲಿ ತಡೀಬಹುದು. ಹಳ್ಳಿ ಕಡೆಯವರಿಗೆ ಅಂತ ನಾರಾಯಣ ನೇತ್ರಾಲಯದವರು 2008ರಿಂದ ಕಿಡ್‌ರಾಪ್ ಅಂತ ನಡೆಸ್ತಿದಾರೆ, ಟೆಕ್ನಿಷಿಯನ್ನು ಕ್ಯಾಮೆರಾ ಹೊತ್ಕೊಂಡು ಜಿಲ್ಲೆಗಳಿಗೇ ಹೋಗ್ತಾರೆ, ಫೋಟೋನ ಬೆಂಗಳೂರಲ್ಲಿ ಡಾಕ್ಟ್ರು ನೋಡ್ತಾರೆ.

ಹಾಸನದ_ಸೊಸೆ
ಒಂದು ಸಲ ಆಯ್ತು, ಇನ್ನೂ ಪೂರ್ತಿ ಬೆಳೆದಿಲ್ಲ, ಎರಡು ವಾರ ಬಿಟ್ಟು ಮತ್ತೆ ನೋಡ್ತೀವಿ ಅಂದಿದಾರೆ. ಮಂಡ್ಯದವರ ಪೋಸ್ಟ್ ಓದಿ ಫೋನಲ್ಲಿ ಅಲಾರಂ ಇಟ್ಟೆ.

ಲೆಸ್ಟರ್_ಕನ್ನಡಿಗ
ಇಲ್ಲಿ ಇಂಗ್ಲೆಂಡಲ್ಲಿ ನಮ್ಮ ಮಗಳಿದ್ದ ವಾರ್ಡಿಗೆ ಅಪ್ಪ ಅಮ್ಮ ಯಾವಾಗ ಬೇಕಾದ್ರೂ ಹೋಗಬಹುದಿತ್ತು, ರಾತ್ರಿ ಎರಡಕ್ಕೂ. ಡೈಪರ್ ಬದಲಾಯಿಸೋದು, ಬಾಯಿ ಒರೆಸೋದು, ಟ್ಯೂಬಿನ ಹಾಲು ಹಿಡ್ಕೊಳ್ಳೋದು ನಾವೇ. 2025ರ ಏಪ್ರಿಲ್‌ನಿಂದ ಮಗು ಒಳಗಿದ್ರೆ ಅಪ್ಪ ಅಮ್ಮ ಇಬ್ರಿಗೂ 12 ವಾರದ ತನಕ ಹೆಚ್ಚುವರಿ ರಜೆ ಅಂತ ಕಾನೂನೇ ಬಂದಿದೆ. ನಮ್ಮ ಕಡೆ ಯಾವಾಗ ಬರುತ್ತೋ.

ಕಾಫಿಗಿಡ
ಬಂತು ನೋಡಿ ಫಾರಿನ್. ಇಲ್ಲಿ ಒಬ್ಬ ಸಿಸ್ಟರ್‌ಗೆ ಎಷ್ಟು ಮಕ್ಕಳು, ಅಲ್ಲೆಷ್ಟು ಅದನ್ನೂ ಹೇಳಿ ಸರ್.

ಲೆಸ್ಟರ್_ಕನ್ನಡಿಗ
ಅದೂ ನಿಜ. ಜಂಬಕ್ಕೆ ಹೇಳಿದ್ದಲ್ಲ ಮೇಡಂ, ಬೇಕು ಅಂದ್ರೆ ಅಮ್ಮನ್ನ ಒಳಗೆ ಬಿಡಬಹುದು ಅಂತ ಹೇಳಿದ್ದು.

ಪಗಾರ_ಪಟ್ಟಿ
ರಜೆ ಮಾತು ಬಂತಲ್ಲ, ನಮ್ಮ ದೇಶದಲ್ಲೂ ಒಂದಿದೆ, ಯಾರಿಗೂ ಗೊತ್ತಿರಲ್ಲ. ಹೆರಿಗೆ ರಜೆ ಕಾನೂನಲ್ಲೇ ಇದೆ, ಅವಧಿಗೆ ಮುಂಚೆ ಹೆರಿಗೆ ಆಗಿ ತಾಯಿಗೆ ಆರೋಗ್ಯ ಕೆಟ್ರೆ 26 ವಾರದ ಮೇಲೆ ಇನ್ನೊಂದು ತಿಂಗಳು ಸಂಬಳದ ರಜೆ. ನಾನು ಎಚ್‌ಆರ್‌ಗೆ ಹೇಳಿದಾಗ ಅವರೇ ಗೂಗಲ್ ಮಾಡಿ ನೋಡಿದ್ರು. ಗಂಡಂದಿರಿಗೆ ಮಾತ್ರ ಖಾಸಗೀಲಿ ಏನೂ ಇಲ್ಲ. ನಮ್ಮವರು ಮೂರನೇ ದಿನ ಆಫೀಸಿಗೆ ಹೋಗಿದ್ರು.

ಬಿಳಿಜೋಳ
ರೊಕ್ಕದ್ದೂ ಹೇಳ್ತೀನಿ, ಓದೋ ಬ್ಯಾರೆಯವರಿಗೆ ಉಪಯೋಗ ಆಗ್ತದ. ಸರ್ಕಾರಿ ಎಸ್‌ಎನ್‌ಸಿಯುನ್ಯಾಗ ಒಂದು ರೂಪಾಯಿ ಕೊಡೂದಿಲ್ಲ, ಔಷಧ, ಟೆಸ್ಟು, ಹೋಗಿ ಬರೂ ಗಾಡಿ ಎಲ್ಲಾ ಸೇರಿ. ಕೂಸಿಗೆ ವರ್ಷ ತುಂಬೂ ತನಕ ಆರಾಮ ಇಲ್ಲದಿದ್ರ ಅದೂ ಹಿಂಗ ಪುಕ್ಕಟೆನ. ಖಾಸಗಿಗೆ ಹೋಗಿ ಹೊಲ ಮಾರಿ ನಡುವ ನಮ್ಮ ಕಡೆ ಬರೂ ಮಂದಿ ಬಾಳ ಅದಾರ.

ಹತ್ತೊಂಬತ್ತು
ಬರೀಬೇಕೋ ಬೇಡವೋ ಅಂತ ಮೂರು ಸಲ ಅಳಿಸಿದೆ. ನಿಮ್ಮ ಮಗಳು ಚೆನ್ನಾಗಿದ್ದಾಳೆ, ನನ್ನ ಕತೆ ನಿಮ್ಮದಲ್ಲ, ಅದು ಮೊದಲು ಮನಸ್ಸಲ್ಲಿರಲಿ.

ನಮ್ಮವನು 25 ವಾರಕ್ಕೆ ಹುಟ್ಟಿದ. 19 ದಿನ ಇದ್ದ. ನಾನು ಒಂದು ದಿನವೂ ಎತ್ಕೊಳ್ಳಲಿಲ್ಲ. ಎತ್ತೋ ಸ್ಥಿತೀಲಿ ಅವನು ಇರಲಿಲ್ಲ ಅಂತ ಡಾಕ್ಟ್ರು ಹೇಳಿದ್ದು ನಿಜವೇ ಇರಬಹುದು, ನನಗೆ ಅವರ ಮೇಲೆ ಕೋಪ ಇಲ್ಲ. ಆದ್ರೆ ನಾನು ಕೇಳಲೇ ಇಲ್ಲ. ಕೈ ತೊಳ್ಕೊಂಡು ಕಿಟಕಿಯಿಂದ ಒಂದು ಬೆರಳು ಒಳಗೆ ಹಾಕ್ತಿದ್ದೆ, ಅವನು ಹಿಡ್ಕೊಳ್ತಿದ್ದ, ಗಟ್ಟಿಯಾಗಿ. ಇನ್ನೊಂದು ಕೈನೂ ಹಾಕಿ ತಲೆ ಹಿಡ್ಕೋಬಹುದಾ ಅಂತ ಕೇಳೋಕೂ ನನಗೆ ಬಾಯಿ ಬರಲಿಲ್ಲ, ತೊಂದರೆ ಕೊಟ್ಟಂಗಾಗುತ್ತೆ ಅಂತ. ಎತ್ಕೊಂಡಿದ್ದು ಕೊನೇಲಿ, ಎಲ್ಲಾ ಟ್ಯೂಬ್ ತೆಗೆದ ಮೇಲೆ.

ನೀವು ಕೇಳಿ.

ಜಯನಗರ_4ನೇ_ಬ್ಲಾಕ್
ಹತ್ತೊಂಬತ್ತು ಅವರೇ, ನಿಮ್ಮದು ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಮನೆಯವಳಿಗೆ ಈ ಚರ್ಚೆ ತೋರಿಸಿದೆ. "ನಮ್ಮವನಿಗೇನೂ ಕಮ್ಮಿ ಆಗಿಲ್ಲ" ಅಂತ ಬರೆದಿದ್ದೀನಲ್ಲ, ಅದನ್ನ ಓದಿ "ನನಗೆ ಕಮ್ಮಿ ಆಗಿತ್ತು, ನೀವು ಕೇಳಿರಲಿಲ್ಲ" ಅಂದ್ಲು. ಏಳು ವರ್ಷ ಆಯ್ತು, ನನಗೆ ಗೊತ್ತೇ ಇರಲಿಲ್ಲ. ಹಾಸನದವರೇ, ನಾನು ಮೇಲೆ ಹೇಳಿದ್ದು ಬಿಡಿ.

ಹಾಲುಗಲ್ಲ
ಇನ್ನೊಂದು ನೆನಪಾಯ್ತು. ಹಳೇ ಕಾಟನ್ ಸೀರೆ ತುಂಡು ಒಗೆದು ಇಸ್ತ್ರಿ ಮಾಡಿ ರವಿಕೆ ಒಳಗೆ ಒಂದು ರಾತ್ರಿ ಇಟ್ಕೊಂಡು ಬೆಳಿಗ್ಗೆ ಸಿಸ್ಟರ್‌ಗೆ ಕೊಡಿ, ಮಗು ಹತ್ರ ಇಡ್ತಾರೆ. ಅವಳ ಹತ್ರ ಇದ್ದಿದ್ದನ್ನ ನೀವು ತಂದು ಮೂಗಿಗೆ ಹಿಡ್ಕೊಂಡು ಹಾಲು ಹಿಂಡಿ. ಕೆಲವು ಕಡೆ ಬಟ್ಟೆ ಒಳಗೆ ಬಿಡಲ್ಲ, ಕೇಳಿ ಮಾಡಿ.

ಅಜ್ಜಿಮನೆ
ಮಗು ಹೇಗಿದೆಯಮ್ಮ? ಎರಡು ದಿನದಿಂದ ಸುದ್ದಿ ಇಲ್ಲ.

ಹಾಸನದ_ಸೊಸೆ
ಇದ್ದೀನಿ ಅಜ್ಜಿ. ನಿನ್ನೆ ರೌಂಡ್ಸಲ್ಲಿ ಕೇಳಿದೆ. ಬಿಳಿಜೋಳ ಅಕ್ಕ ಹೇಳಿಕೊಟ್ಟ ಮಾತನ್ನೇ ಚೀಟಿಯಲ್ಲಿ ಬರ್ಕೊಂಡು ಹೋಗಿದ್ದೆ, ಡಾಕ್ಟ್ರು ಮುಂದೆ ನಿಂತಾಗ ಚೀಟಿ ನೋಡೋಕೆ ಆಗಲಿಲ್ಲ, ಕೈ ನಡುಗ್ತಿತ್ತು. "ಎಷ್ಟು ತಾಸು" ಅಂತಾನೇ ಬಾಯಿಗೆ ಬಂತು, ಅವರು ಧಾರವಾಡದವರಾ ಅಂತ ಕೇಳಿದ್ರು 🙂

ದಿನಪೂರ್ತಿ ಬಿಡೋಕೆ ಜಾಗ ಇಲ್ಲ, ಕುರ್ಚಿಗಳೇ ಎರಡಿರೋದು ಅಂದ್ರು. ಬೆಳಿಗ್ಗೆ 11ರಿಂದ ಒಂದೂವರೆ, ಸಂಜೆ 5ರಿಂದ ಏಳು. ಒಟ್ಟು ನಾಲ್ಕೂವರೆ ಗಂಟೆ. ಭಾನುವಾರ ಅಪ್ಪನಿಗೂ ಒಂದು ಗಂಟೆ. ಚಾರ್ಟಲ್ಲಿ ಬರೆದ್ರು, ನಾನು ನೋಡಿದೆ. ಒಬ್ಬ ಸಿಸ್ಟರ್ ಮುಖ ಸ್ವಲ್ಪ ಗಂಟಾಯ್ತು, ಅಕ್ಕ ಹೇಳಿದ ಹಾಗೇ. ಆದ್ರೆ ಸಂಜೆ ಅವರೇ ಬಂದು ನನ್ನ ಬೆನ್ನಿಗೆ ದಿಂಬು ಕೊಟ್ರು.

ಇವತ್ತು ಬೆಳಿಗ್ಗೆ ಎದೆ ಮೇಲಿದ್ದಾಗಲೇ ಒಂದ್ಸಲ ಅಲಾರಂ ಹೊಡೀತು, ಆಕ್ಸಿಜನ್ 82ಕ್ಕೆ ಇಳೀತು. ಸಿಸ್ಟರ್ ಓಡಿ ಬರೋ ಮುಂಚೆ ನಾನೇ ಬೆನ್ನು ಸವರಿದೆ, ಪಾದ ತಟ್ಟಿದೆ, ಉಸಿರು ಎಳ್ಕೊಂಡ್ಲು. ಆಮೇಲೆ ಅರ್ಧ ಗಂಟೆ ನನ್ನ ಕಾಲು ನಿಲ್ಲದಂಗೆ ನಡುಗ್ತಿತ್ತು. ಎಡಗಡೆ ಯಾಕೆ ಆಗಲ್ಲ ಅಂತಾನೂ ಗೊತ್ತಾಯ್ತು, ಟ್ಯೂಬಿನ ಟೇಪು ಆ ಕೆನ್ನೆಗೆ ಒತ್ತುತ್ತೆ. ಸಿಸ್ಟರ್‌ಗೆ ತೋರಿಸಿದೆ, ಟೇಪು ಬದಲಾಯಿಸಿದ್ರು.

ಬಿಳಿಜೋಳ
ಶಾಣ್ಯಾಕಿ.

ಕಡಲತಡಿಯವ
ಭಾನುವಾರ ಯಜಮಾನರಿಗೆ ಮುಂದೆ ಗುಂಡಿ ಇರುವ ಶರ್ಟ್ ಹಾಕಿಕೊಂಡು ಬರ್ಲಿಕ್ಕೆ ಹೇಳಿ. ನಾನು ಟೀ ಶರ್ಟಲ್ಲಿ ಹೋಗಿ ಪೇಚಿಗೆ ಸಿಕ್ಕಿದ್ದೆ.

ಹಾಸನದ_ಸೊಸೆ
ಹೇಳಿದೀನಿ ಅಣ್ಣ. ಇನ್ನೊಂದು ಕೇಳೋದಿತ್ತು, ಇಲ್ಲಿ ಹೆಣಿಗೆ ಬರೋರು ಯಾರಾದ್ರೂ ಇದ್ದೀರಾ? ಅಂಗಡೀಲಿ ಸಿಗೋ ಕುಲಾವಿ ಎಲ್ಲಾ ಅವಳ ಮೂಗಿನ ತನಕ ಬರುತ್ತೆ. ತಲೆ ಸುತ್ತಳತೆ 28 ಸೆಂಟಿಮೀಟರ್.

ಅಜ್ಜಿಮನೆ
ನನಗೆ ಬರುತ್ತೆ. ಉಲ್ಲನ್ ಬೇಡ, ಚುಚ್ಚುತ್ತೆ, ಹತ್ತಿ ದಾರದಲ್ಲಿ ಹಾಕ್ತೀನಿ. ಯಾವ ಬಣ್ಣ?